ನೋಡಿ: ಹನ್ನೊಂದು ಎರಡು

ಪುಸ್ತಕದ ಮೇಲೆ ಶಿವಕಾಂತಾಳಿಗೆ ಈಗ ಸಿಟ್ಟೂ ಬರುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಾಗುತ್ತದೆ. ದಸರೆ ಮುಗಿಸಿ ಹಿಡಿದ ಕೆಲಸ. ಆಳಂದದ ಬಜಾರಿಗೆ ಹೊಸ ತೊಗರಿ ಬಂದು, ಮನೆಯ ಹಿಂದಿನ ದಾಲ್ ಮಿಲ್ಲು ಹಗಲಿಡೀ ಗುಡುಗುಡು ಎನ್ನಲು ಶುರುವಾದರೂ ಮುಗಿದಿರಲಿಲ್ಲ. ಕಿಟಕಿ ಮುಚ್ಚಿದರೂ ಬೇಳೆಯ ಹೊಟ್ಟಿನ ಧೂಳು ಹೇಗೋ ಒಳಗೆ ಬಂದು ಕಂಪ್ಯೂಟರಿನ ಕೀಲಿಗಳ ಸಂದಿಯಲ್ಲಿ ಕೂರುತ್ತಿತ್ತು. ಆಕೆ ಊದುತ್ತಿದ್ದಳು, ಸೆರಗಿನಿಂದ ಒರೆಸುತ್ತಿದ್ದಳು, ಮತ್ತೆ ಪುಸ್ತಕಕ್ಕೆ ಮರಳುತ್ತಿದ್ದಳು.

ಅದು ಒಂದು ಡಬ್ಬಿಯ ಪುಸ್ತಕ. ಹೊಲಕ್ಕೆ ನೀರೆತ್ತುವ ಮೋಟಾರುಗಳನ್ನು ತಾನೇ ಚಾಲೂ ಮಾಡಿ ತಾನೇ ಬಂದ್ ಮಾಡುವ ಡಬ್ಬಿ. ಕರೆಂಟು ಯಾವಾಗ ಬಂತು, ಎಷ್ಟು ಬಂತು, ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಅದು ಕಣ್ಣಿಟ್ಟು ಕಾಯುತ್ತದೆ. ಅದರ ಒಳಗೆ ಉಗುರಿನಷ್ಟು ಒಂದು ಚಿಪ್, ಚಿಪ್ಪಿನೊಳಗೆ ಅದರದೇ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್. ಡಬ್ಬಿ ಮಾಡುವ ಕಂಪನಿ ದೂರದ ಊರಿನದು. ಅವರ ಇಂಜಿನಿಯರುಗಳು ಬರೆದದ್ದನ್ನು ಮೆಕ್ಯಾನಿಕ್ಕರು ಓದುವಂತೆ ಕನ್ನಡದಲ್ಲಿ ಬರೆದು, ಹೊಸ ಆವೃತ್ತಿ ಬಂದಾಗಲೆಲ್ಲ ತಿದ್ದಿಕೊಡುವುದು ಶಿವಕಾಂತಾಳ ಕೆಲಸ. ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಐಟಿಐಯಲ್ಲಿ ಪಾಠ ಹೇಳಿ, ಮೊಣಕಾಲು ನೋವು ಶುರುವಾದ ಮೇಲೆ ಮನೆಯಲ್ಲಿ ಕೂತು ಮಾಡುವಂಥದ್ದು ಇರಲಿ ಎಂದು ಹಿಡಿದದ್ದು. ಈಗ ಮೊಣಕಾಲಿನ ಜೊತೆಗೆ ಕಣ್ಣೂ ನೋಯುತ್ತಿದ್ದವು.

ಈ ಸಲದ ಕೆಲಸ ಬರೆಯುವುದಾಗಿರಲಿಲ್ಲ. ಹೊಸ ಡಬ್ಬಿಗೆ ಸಿಮ್ ಕಾರ್ಡು ಬಂದಿತ್ತು, ಫೋನಿನಿಂದಲೇ ಮೋಟಾರು ಹಚ್ಚುವ ಸೌಲಭ್ಯ ಬಂದಿತ್ತು. ಅದಕ್ಕೆಂದು ಪುಸ್ತಕದ ಮುಂಭಾಗದಲ್ಲಿ ಎರಡು ಹೊಸ ಅಧ್ಯಾಯಗಳು ಹೊಕ್ಕಿದ್ದವು. ಎರಡು ಹೊಕ್ಕ ಮೇಲೆ ಹಿಂದಿನವೆಲ್ಲ ಎರಡೆರಡು ಹೆಜ್ಜೆ ಸರಿದವು. ಒಂಬತ್ತನೆಯದು ಹನ್ನೊಂದಾಯಿತು, ಹನ್ನೊಂದನೆಯದು ಹದಿಮೂರಾಯಿತು. ಆದರೆ ಪುಸ್ತಕದೊಳಗೆ ಅಲ್ಲಲ್ಲಿ ಬರೆದಿದ್ದ ‘ನೋಡಿ 9.4’, ‘ನೋಡಿ 11.2’ ಎಂಬವು ತಮ್ಮ ಹಳೆಯ ಜಾಗದಲ್ಲೇ ನಿಂತು ಹಳೆಯ ಕಡೆಗೇ ಬೆರಳು ತೋರಿಸುತ್ತಿದ್ದವು. ಮನೆಯವರು ಬಾಡಿಗೆ ಮನೆ ಬಿಟ್ಟು ಹೋದ ಮೇಲೂ ಅದೇ ವಿಳಾಸಕ್ಕೆ ಮದುವೆ ಕಾರ್ಡು ಹಾಕುವ ನೆಂಟರ ಹಾಗೆ. ಆ ನಂಬರು ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂದು ಕಂಪ್ಯೂಟರು ನೋಡಿ ಹೇಳುತ್ತದೆ. ಅಲ್ಲಿಗೆ ಹೋದವನಿಗೆ ಬೇಕಾದದ್ದೇ ಸಿಗುತ್ತದೆಯೋ ಎಂಬುದನ್ನು ಮಾತ್ರ ಮನುಷ್ಯರೇ ಹೋಗಿ ನೋಡಬೇಕು. ಶಿವಕಾಂತಾ ಒಂದೊಂದರ ಹಿಂದೆಯೂ ಹೋಗಿ, ತಲೆಬರಹ ನೋಡಿ, ನಂಬರು ತಿದ್ದಿ, ಹಿಂದಿರುಗಿ ಬಂದಳು. ನೂರಾರು ಸಲ. ಕಡೆಕಡೆಗೆ ಒಳಗಿನ ಮಾತು ಓದುವುದನ್ನೂ ಬಿಟ್ಟಿದ್ದಳು.

ಸಂಕ್ರಾಂತಿ ಹಿಂದೆ ಬಿತ್ತು ಎನ್ನುವಾಗ ಕೊನೆಯದೂ ಮುಗಿಯಿತು. ಉಳಿದದ್ದು ಒಂದೇ. ಹೊಲದಲ್ಲಿ ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್ ಪುಸ್ತಕ ನೋಡಿ ‘ಬರೋಬ್ಬರಿ ಇದೆ’ ಎಂದು ಸಹಿ ಹಾಕಬೇಕು. ಅದು ಕಂಪನಿಯ ರಿವಾಜು. ಅಫಜಲಪುರದ ದಿಲೀಪನಿಗೆ ಫೋನು ಮಾಡಿದರೆ ಆತ ಎತ್ತುತ್ತಲೇ ಇರಲಿಲ್ಲ. ಎರಡು ದಿನ ಕಾದು, ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ಶಿವಕಾಂತಾ ತಾನೇ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಇನ್ನೊಂದು. ಬಸ್ಸು ಅವುಗಳ ಬೆನ್ನ ಹಿಂದೆ ತೆವಳುತ್ತ ಅಫಜಲಪುರ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು.

ದಿಲೀಪ ತನ್ನ ಅಂಗಡಿಯ ಮುಂದೆ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ತಾಮ್ರದ ತಂತಿಯ ಸುರುಳಿ, ಪಾನಾ, ಗ್ರೀಸಿನ ಡಬ್ಬ ಹೇರುತ್ತಿದ್ದ. ನಲವತ್ತರ ಆಸುಪಾಸಿನ ಆಳು, ಬಾಯಿ ತೆರೆದರೆ ಮುಚ್ಚುವವನಲ್ಲ.

“ಬರ್ರಿ ಅಕ್ಕೋರೆ, ಬರ್ರಿ! ಫೋನ್ ಎತ್ತಲಿಲ್ಲಂತ ಹೊಡ್ಯಾಕ ಬಂದ್ರೇನು?”

“ಹೊಡ್ಯಾಕ ಕೈಯಾಗ ತಾಕತ್ತಿಲ್ಲಪ್ಪ. ಇದನ್ನ ನೋಡಿ ಒಂದು ಸೈ ಹಾಕು, ಹೊಳ್ಳಿ ಹೋಗ್ತೇನಿ.”

“ಸೈ ಏನ್ರಿ, ಈಗ ಒಗೀತೇನಿ.” ದಿಲೀಪ ಪುಸ್ತಕ ಕೈಗೆ ತೆಗೆದುಕೊಂಡು ತೂಕ ನೋಡಿದ. “ಯಪ್ಪಾ, ಭಾಳ ದಪ್ಪ ಆಗ್ಯಾದ. ಹಿಂದಿಂದು ನನ್ನ ಹಂತೇಲಿ ಇತ್ತು, ಯಾರೋ ಒಯ್ದು ಕೊಡಲೇ ಇಲ್ಲ. ಕೊಟ್ರೂ ಏನು? ಎಲ್ಲಾ ಬಾಯಾಗ ಅದ. ರೈತ್ರು ಫೋನ್ ಮಾಡ್ತಾರ, ‘ದಿಲೀಪಣ್ಣ, ಡಬ್ಬಿ ಒಂಬತ್ತು ನಾಕು ಅನ್ನಾಕತ್ತದ.’ ನಾ ಅಂತೇನಿ, ‘ಫೇಜ್ ಹೋಗ್ಯಾವ, ಸುಮ್ಕ ಕುಂದ್ರು.’ ಮುಗೀತು.”

“ಹಂಗಾದ್ರ ಸೈ ಹಾಕು.”

ಆತ ಪೆನ್ನು ಹುಡುಕಿದ. ಕಿಸೆಯಲ್ಲಿ ಇರಲಿಲ್ಲ. ಅಂಗಡಿಯ ಕಟ್ಟೆಯ ಮೇಲೂ ಇರಲಿಲ್ಲ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು, ಮಾತಾಡಿ ಇಟ್ಟ.

“ಅಕ್ಕೋರೆ, ಓದ್ದೆ ಸೈ ಹಾಕಿದ್ರ ನಿಮ್ಗ ಪಾಪ ಹತ್ತತದ. ಜೇವರ್ಗಿ ಕಡೆ ಒಂದು ಬಾವಿಗಿ ಹೊಂಟೇನಿ. ಗಾಡಿಯಾಗ ಕುಂದ್ರಿ. ನಿಮ್ಮ ಪುಸ್ತಕ ಹಿಡಕೊಂಡೇ ಕೆಲ್ಸ ಮಾಡೋಣ, ಆಮ್ಯಾಲ ಎದಿ ತಟ್ಟಿ ಸೈ ಹಾಕ್ತೇನಿ. ಸಂಜೀಗಿ ಬಸ್ ಸ್ಟ್ಯಾಂಡಿಗಿ ನಾನೇ ಬಿಡ್ತೇನಿ.”

ಮೊಣಕಾಲು ಬೇಡ ಎಂದಿತು. ಆದರೆ ಇನ್ನೊಂದು ದಿನ ಇದೇ ದಾರಿ ತುಳಿಯುವುದಕ್ಕಿಂತ ಇವತ್ತೇ ಮುಗಿಯಲಿ ಎಂದು ಶಿವಕಾಂತಾ ಟಂಟಂ ಹತ್ತಿ ಗ್ರೀಸಿನ ಡಬ್ಬದ ಪಕ್ಕದಲ್ಲಿ ಕೂತಳು.

ಬಾವಿ ಭೀಮೆಯ ದಂಡೆಯಲ್ಲಿತ್ತು. ನದಿಯ ನೀರು ಒಳಗಿನಿಂದಲೇ ಬಂದು ತುಂಬುವ ದುಂಡನೆಯ ಆಳವಾದ ಬಾವಿ. ಕೆಳಗೆ ನೀರಿನ ಮೇಲೊಂದು ಕಟ್ಟೆ, ಕಟ್ಟೆಯ ಮೇಲೆ ಮೋಟಾರು ಮತ್ತು ಪಂಪು. ಇಳಿಯಲಿಕ್ಕೆ ಕಬ್ಬಿಣದ ನಿಚ್ಚಣಿಕೆ. ಊರಿನ ಕೆಲವು ರೈತರು ಕೂಡಿ ಹಾಕಿಸಿದ್ದ ಆ ಪಂಪನ್ನು ನೋಡಿಕೊಳ್ಳುವವನು ಮಲ್ಕಪ್ಪ. ಅವನೂ ಅವನ ಹೆಂಡತಿ ಚಂದಮ್ಮನೂ ಬಾವಿಯ ಪಕ್ಕದ ತಗಡಿನ ಪತ್ರಾಸ್ ಶೆಡ್ಡಿನಲ್ಲೇ ಇರುತ್ತಿದ್ದರು. ಶೆಡ್ಡಿನ ಗೋಡೆಗೆ ಡಬ್ಬಿ. ಹಳೆಯ ಡಬ್ಬಿ, ಸಿಮ್ ಇಲ್ಲದ್ದು, ಬಿಸಿಲಿಗೆ ಬಣ್ಣ ಬಿಟ್ಟದ್ದು.

ಟಂಟಂ ನಿಂತಾಗ ಶೆಡ್ಡಿನ ಮುಂದೆ ಚಂದಮ್ಮ ಒಬ್ಬಳೇ ನಿಂತಿದ್ದಳು.

“ದಿಲೀಪಣ್ಣ, ಮುಂಜಾನಿ ಬರ್ತೇನಂದಿ. ಈಗ ನಿಮ್ಮೂರಾಗ ಮುಂಜಾನಿ ಆತೇನು?”

“ತಂಗಿ, ನಮ್ಮೂರಾಗ ಹೊತ್ತು ತಡಾ ಮಾಡಿ ಹುಟ್ಟತದ. ಎಲ್ಲಿ ನಿನ್ನ ಗಂಡ?”

“ಕಾದು ಕಾದು ಬ್ಯಾಸತ್ತು ಇಳದಾರ. ಪಂಪಿನ ಗ್ಲ್ಯಾಂಡಿನ ದಾರ ತೆಗ್ಯಾಕತ್ತಾರ. ನೀರು ಚಿರ್ರಂತ ಸೋರಾಕತ್ತದ.”

ದಿಲೀಪ ಬಾವಿಯ ಕಟ್ಟೆಗೆ ಎದೆ ಒತ್ತಿ ಬಗ್ಗಿದ. ಶಿವಕಾಂತಾಳೂ ಬಗ್ಗಿ ನೋಡಿದಳು. ಕೆಳಗಿನ ಕಟ್ಟೆಯ ಮೇಲೆ ಮಲ್ಕಪ್ಪ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಿಂದ ಶಾಫ್ಟು ತಿರುಗಿಸುತ್ತ ಇನ್ನೊಂದು ಕೈಯ ಬೆರಳು ಒಳಗೆ ಹಾಕಿ, ನೀರು ಸೋರದಂತೆ ಶಾಫ್ಟಿನ ಸುತ್ತ ತುರುಕಿದ್ದ ಹಳೆಯ ದಾರ ಎಳೆಯುತ್ತಿದ್ದ.

“ಏ ಮಲ್ಕಪ್ಪ, ಹನ್ನೊಂದು ಎರಡು ಮಾಡದೆ ಶಾಫ್ಟಿಗಿ ಕೈ ಹಚ್ಚೀಯಲ್ಲೋ! ಕೈ ತೆಗಿ ಮಾರಾಯ!”

“ನೀ ಜಲ್ದಿ ಮಾಡು, ನಾ ಅರ್ಧಾ ತೆಗ್ದೇನಿ,” ಎಂದು ಕೆಳಗಿನಿಂದ ದನಿ ಬಂತು.

ಹನ್ನೊಂದು ಎರಡು ಎಂದರೆ ಡಬ್ಬಿಯನ್ನು ಸುರಕ್ಷಿತ ಸ್ಥಿತಿಗೆ ತರುವುದು. ಒಂದು ಗುಂಡಿ ಒತ್ತಿ ಹಿಡಿದರೆ ಕೆಂಪು ದೀಪ ಬರುತ್ತದೆ. ಕೆಂಪು ಇರುವ ತನಕ ಏನೇ ಆದರೂ ಡಬ್ಬಿ ಮೋಟಾರಿಗೆ ಕರೆಂಟು ಬಿಡುವುದಿಲ್ಲ. ಮೇನ್ ಸ್ವಿಚ್ಚನ್ನೇ ತೆಗೆದುಬಿಟ್ಟರೆ ಎಲ್ಲಕ್ಕಿಂತ ಸುಲಭ. ಆದರೆ ಮೋಟಾರಿಗೆ ಕರೆಂಟು ಇಲ್ಲದಾಗಲೂ ಡಬ್ಬಿಯನ್ನು ಎಚ್ಚರ ಇಡುವ ಒಂಟಿ ಫೇಜೂ ಮೇನ್ ತೆಗೆದರೆ ಹೋಗಿ, ಹಳೆಯ ಡಬ್ಬಿ ತನ್ನ ಗಡಿಯಾರವನ್ನೂ, ಯಾರ ಹೊಲಕ್ಕೆ ಯಾವ ಹೊತ್ತಿಗೆ ನೀರು ಎಂಬುದನ್ನೂ ಮರೆತುಬಿಡುತ್ತದೆ. ಮತ್ತೆ ಹೊಂದಿಸುವ ತನಕ ರೈತರು ಶೆಡ್ಡಿನ ಮುಂದೆ ನಿಂತು ಜಗಳ. ಹಾಗಾಗಿ ಆ ಕಡೆ ಯಾರೂ ಮೇನ್ ಮುಟ್ಟುವುದಿಲ್ಲ.

ದಿಲೀಪ ಡಬ್ಬಿಯ ಮುಚ್ಚಳ ತೆಗೆದ. ಕಿರಿದಾದ ಪರದೆಯ ಮೇಲೆ ಅಕ್ಷರಗಳು ಮಿಣಿಮಿಣಿ ಎನ್ನುತ್ತಿದ್ದವು: ‘ದುರಸ್ತಿಗೆ ಮೊದಲು ನೋಡಿ 11.2’.

“ನೋಡ್ರಿ, ಅದೂ ಅದನ್ನೇ ಹೇಳಾಕತ್ತದ. ಇದನ್ನ ನಾ ಕಣ್ಣು ಮುಚ್ಚಿ ಮಾಡ್ತೇನಿ. ಆದ್ರ ಇವತ್ತು ನಿಮ್ಮ ಪುಸ್ತಕದ ಪರೀಕ್ಷಾ. ಓದ್ರಿ ಅಕ್ಕೋರೆ, ನೀವು ಹೇಳಿದಂಗ ನಾ ಒತ್ತತೇನಿ.”

ಆ ಕಡೆಯ ಪದ್ಧತಿಯೇ ಹಾಗೆ. ಮೆಕ್ಯಾನಿಕ್ಕನ ಕೈ ಗ್ರೀಸು, ಅವನು ಪುಸ್ತಕ ಮುಟ್ಟುವುದಿಲ್ಲ. ಮನೆಯಲ್ಲಿ ಅಕ್ಷರ ಬರುವವರು ಯಾರಾದರೂ ನಿಂತು ಒಂದೊಂದೇ ಸಾಲು ಓದುತ್ತಾರೆ, ಅವನು ಒಂದೊಂದೇ ಮಾಡುತ್ತಾನೆ. ತಲೆಬರಹ ಯಾರೂ ಓದುವುದಿಲ್ಲ. ಅದರಲ್ಲಿ ಒತ್ತುವುದು ಏನೂ ಇರುವುದಿಲ್ಲವಲ್ಲ.

ಶಿವಕಾಂತಾ ಚಾಳೀಸು ಹಾಕಿಕೊಂಡಳು. ಪುಟ ತಿರುವಿ ಹನ್ನೊಂದು ಎರಡಕ್ಕೆ ಬಂದು, ಬಿಸಿಲು ಬೀಳದ ಹಾಗೆ ಪುಸ್ತಕವನ್ನು ಮೈಗೆ ಹತ್ತಿರ ಹಿಡಿದಳು.

“ಒಂದು. ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ.”

ದಿಲೀಪ ಹೊರಳಿ ನೋಡಿದ. “ಎರಡೂ? ಹಿಂದ ಒಂದೇ ಇತ್ತಲ್ರಿ?”

“ಇಲ್ಲಿ ಎರಡೂ ಅಂತದ.”

“ಹೊಸಾದ್ರಾಗ ಬದಲ್ ಮಾಡಿರಬೇಕು. ಹೂಂ, ಹಿಡದೆ.”

“ಎರಡು. ಹಸಿರು ದೀಪ ಬರುವ ತನಕ ಬಿಡಬೇಡಿ.”

ಹಸಿರು ಎಂದು ಬಾಯಿಂದ ಹೊರಬಿದ್ದ ಮೇಲೆ ಆಕೆಗೆ ಏನೋ ಚುಚ್ಚಿದಂತಾಯಿತು. ಏನೆಂದು ತಿಳಿಯುವ ಮೊದಲೇ ಡಬ್ಬಿಯ ಒಳಗೆ ‘ಟಕ್’ ಎಂದಿತು. ಮೋಟಾರಿಗೆ ಕರೆಂಟು ಬಿಡುವ ಕೊಂಡಿ ಕೂತ ಸಪ್ಪಳ. ಹೊಲದಲ್ಲಿ ಹುಟ್ಟಿ ಬೆಳೆದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಬೆನ್ನಿಗೇ ಕೆಳಗಿನಿಂದ ಮೋಟಾರಿನ ಗೊರಗೊರ ಬರಬೇಕು.

ಬರಲಿಲ್ಲ.

ದಿಲೀಪ ಬೆಂಕಿ ಮುಟ್ಟಿದವನ ಹಾಗೆ ಕೈ ಕಿತ್ತು ಬಾವಿಯ ಕಡೆ ಓಡಿದ.

“ಮಲ್ಕಪ್ಪಾ! ಏ ಮಲ್ಕಪ್ಪಾ!”

“ಯಾಕಲೇ, ಯಾಕ ಹೊಯ್ಕೊಳ್ಳಾಕತ್ತಿ?” ದನಿ ನಿರುಮ್ಮಳವಾಗಿ ಮೇಲೆ ಬಂತು. “ದಾರ ತುಂಡಾಗ್ಯಾದ. ಚಂದಿ, ಒಂದು ಮೊಳಿ ಒಗಿ ಬೇ.”

ಚಂದಮ್ಮ ಮೊಳೆ ಹುಡುಕಲಿಕ್ಕೆ ಹೋಗಲಿಲ್ಲ. ಆಕೆ ಡಬ್ಬಿಯ ಹಸಿರು ದೀಪ ನೋಡುತ್ತ ನಿಂತಿದ್ದಳು. ಆಮೇಲೆ ಸೆರಗಿನ ತುದಿಯ ಗಂಟನ್ನು ಮೆಲ್ಲಗೆ ಮುಂದಕ್ಕೆ ಎಳೆದು ಬಿಚ್ಚಿ ತೋರಿಸಿದಳು. ಬಿಳಿಯ ಪಿಂಗಾಣಿಯ ಮೂರು ಫ್ಯೂಜುಗಳು. ಡಬ್ಬಿಯಿಂದ ಮೋಟಾರಿಗೆ ಹೋಗುವ ದಾರಿಯವು.

“ಅವ್ರು ಬಾವಿಗಿಳದ್ರಂದ್ರ ನಾ ಮೂರೂ ಕಿತ್ತು ಗಂಟು ಹಾಕ್ಕೊಂತೇನ್ರಿ,” ಎಂದು ಶಿವಕಾಂತಾಳ ಕಡೆ ತಿರುಗಿ ಹೇಳಿದಳು. “ಅವ್ರು ಮ್ಯಾಲ ಬಂದು ನನ್ನ ಮುಂದ ನಿಲ್ಲೂ ತನಕ ಬಿಚ್ಚಂಗಿಲ್ಲ. ಎಲ್ಲಾರೂ ನಗ್ತಾರ. ಈ ದಿಲೀಪಣ್ಣನೂ ನಗ್ತಾನ. ನಗಲಿ. ನನಗ ಡಬ್ಬೀದ ಮ್ಯಾಲ ನಂಬಿಕಿ ಇಲ್ಲ, ಇವನ ಮ್ಯಾಲಂತೂ ಇಲ್ಲೇ ಇಲ್ಲ.”

ದಿಲೀಪನಿಗೆ ನಗು ಬರಲಿಲ್ಲ. ಆತ ಬಾವಿಯ ಕಟ್ಟೆಯ ಮೇಲೆ ಕೂತು, ಗ್ರೀಸಿನ ಕೈಯಿಂದಲೇ ಮುಖ ಒರೆಸಿಕೊಂಡ. ಹಣೆಯ ಮೇಲೆ ಕರಿಯ ಗೆರೆ ಮೂಡಿತು.

“ಅಕ್ಕೋರೆ, ನೀವು ಓದಿದ್ದು ಯಾವುದ್ರೀ?”

ಶಿವಕಾಂತಾ ಪುಟದ ಮೇಲ್ಭಾಗ ನೋಡಿದಳು. ‘11.2 ಕಾಯದೆ ತಕ್ಷಣ ಮೋಟಾರು ಚಾಲೂ ಮಾಡುವುದು.’ ಕರೆಂಟು ಸ್ವಲ್ಪೇ ಹೊತ್ತು ಬರುವ ದಿನಗಳಲ್ಲಿ, ಡಬ್ಬಿ ಕಾಯುವ ಹೊತ್ತನ್ನು ಉಳಿಸಲಿಕ್ಕೆ ಮಾಡುವ ಉಪಾಯ. ಹಿಂದಿನ ಪುಸ್ತಕದಲ್ಲಿ ಅದು ಒಂಬತ್ತು ಎರಡು ಆಗಿತ್ತು. ಸುರಕ್ಷಿತ ಸ್ಥಿತಿ ಈಗ ಹದಿಮೂರು ಎರಡರಲ್ಲಿತ್ತು. ಸರಿಯಾಗಿಯೇ ಇತ್ತು. ಪುಸ್ತಕದೊಳಗೆ ಅದರ ಮಾತು ಬಂದಲ್ಲೆಲ್ಲ ಪ್ರತಿ ‘ನೋಡಿ’ಯೂ ಹದಿಮೂರು ಎರಡಕ್ಕೇ ಬೆರಳು ತೋರಿಸುತ್ತಿತ್ತು, ಒಂದೊಂದರ ಹಿಂದೆಯೂ ಆಕೆ ಹೋಗಿ ಬಂದಿದ್ದಳು. ಆದರೆ ಪುಸ್ತಕದ ಹೊರಗೂ ಒಂದು ‘ನೋಡಿ’ ಇತ್ತು. ಅದು ಈ ಗೋಡೆಯ ಮೇಲೆ, ಈ ಬಣ್ಣಗೆಟ್ಟ ಡಬ್ಬಿಯ ಚಿಪ್ಪಿನೊಳಗೆ, ಅಳಿಸಲಾಗದ ಹಾಗೆ ಕೂತಿತ್ತು. ಇಂಥ ಡಬ್ಬಿಗಳು ಆಳಂದ, ಅಫಜಲಪುರ, ಜೇವರ್ಗಿಯ ಹೊಲಹೊಲಗಳಲ್ಲಿ ಇದ್ದವು. ಸಿಮ್ ಇಲ್ಲದ ಅವನ್ನು ಕೂತಲ್ಲಿಂದ ತಿದ್ದಲಿಕ್ಕೆ ಬರುವುದಿಲ್ಲ. ಕಂಪನಿಯ ಯಾವ ಪಟ್ಟಿಯಲ್ಲೂ ಆ ‘ನೋಡಿ’ ಇರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ.

ಅಂದರೆ ಈ ಪುಸ್ತಕ ಅಚ್ಚಾಗಿ ಊರೂರಿಗೆ ಹೋದ ದಿನದಿಂದ, ಬಾವಿಗೆ ಇಳಿದವನ ಜೀವ ಕಾಯಲಿಕ್ಕೆಂದು ಮೇಲೆ ನಿಂತವನೇ ಅವನ ಕೈ ಇರುವ ಮೋಟಾರನ್ನು ಹಚ್ಚುತ್ತಾನೆ. ಪುಸ್ತಕ ನೋಡಿಯೇ ಹಚ್ಚುತ್ತಾನೆ. ಎಲ್ಲ ಬಾವಿಯ ಮೇಲೂ ಚಂದಮ್ಮ ಇರುವುದಿಲ್ಲ.

ದಿಲೀಪ ತನಗೆ ಗೊತ್ತಿದ್ದ ಹಳೆಯ ರೀತಿಯಲ್ಲಿ ಒಂದು ಗುಂಡಿ ಒತ್ತಿ ಕೆಂಪು ದೀಪ ತಂದ. ಮಲ್ಕಪ್ಪ ಹೊಸ ದಾರ ತುಂಬಿ ಮೇಲೆ ಬಂದ ಮೇಲೆ ಅವನಿಗೆ ನಡೆದದ್ದು ಹೇಳಿದರು. ಆತ ತನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡ, ಹೆಂಡತಿಯನ್ನು ನೋಡಿದ, “ಚಾ ಇಡು,” ಎಂದಷ್ಟೇ ಅಂದ. ಚಂದಮ್ಮ ಚಹಾ ಇಟ್ಟಳು. ಶಿವಕಾಂತಾ ಕುಡಿಯದೆ ಬಸಿ ಕೆಳಗಿಡುವುದನ್ನು ನೋಡಿ, “ಇನ್ನೊಂದು ಚೂರು ಸಕ್ರಿ ಹಾಕ್ಲಿ ತಡೀರಿ,” ಎಂದಳು.

“ಕೊಡ್ರಿ ಅಕ್ಕೋರೆ, ಸೈ ಹಾಕ್ತೇನಿ,” ಎಂದ ದಿಲೀಪ. “ಪುಸ್ತಕದ್ದೇನು ತಪ್ಪು? ಡಬ್ಬಿ ಹಳೇದು. ನಾ ಬೇರೆ ಮೆಕ್ಯಾನಿಕ್ಕರಿಗಿ ಹೇಳ್ತೇನಿ ತಗೋರಿ.”

“ಬ್ಯಾಡ,” ಎಂದು ಆಕೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. “ನೀ ಎಷ್ಟು ಮಂದಿಗಿ ಹೇಳ್ತಿ?”

ಬಸ್ಸಿಗೆ ಕಾಯುತ್ತ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತು ಆಕೆ ಅರುಣಕುಮಾರನಿಗೆ ಫೋನು ಮಾಡಿದಳು. ಕಂಪನಿಯಲ್ಲಿ ಪುಸ್ತಕಗಳ ಉಸ್ತುವಾರಿ ಅವನದು. ಕಲಬುರಗಿಯ ಕಡೆಯವನೇ, ವಯಸ್ಸಿನಲ್ಲಿ ಚಿಕ್ಕವನು, ಒರಟನಲ್ಲ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಕೇಳಿದ.

“ಯಾರಿಗೂ ಏನೂ ಆಗಿಲ್ಲ ಹೌದಿಲ್ರಿ?”

“ಆಗಿಲ್ಲ.”

“ಬಸವಣ್ಣ ಕಾಯ್ದ. ನೋಡ್ರಿ ಮೇಡಂ, ಸೋಮವಾರ ಪ್ರಿಂಟಿಗೆ ಕಳಸಬೇಕಾಗ್ಯಾದ. ಇಂಗ್ಲಿಷ್ ಪುಸ್ತಕದ ನಂಬರಿಗೂ ಇದಕ್ಕೂ ತಾಳ ಕೂಡಬೇಕಂತ ಮ್ಯಾಲಿನವ್ರು ಕುಂತಾರ. ಒಂದು ಕೆಲ್ಸ ಮಾಡ್ರಿ. ಮೊದಲ್ನೇ ಪುಟದಾಗ ಒಂದು ಸೂಚನಾ ಹಾಕ್ರಿ. ಹಳೇ ಡಬ್ಬಿ ಇದ್ದವ್ರು ನಂಬರಿಗಿ ಎರಡು ಕೂಡಿಸ್ಕೋರಿ ಅಂತ. ದಪ್ಪ ಅಕ್ಷರದಾಗ ಹಾಕ್ರಿ, ಕೆಂಪು ಚೌಕಟ್ಟು ಹಾಕ್ರಿ. ಅರ್ಧಾ ತಾಸಿನ ಕೆಲ್ಸ.”

ಅರ್ಧ ತಾಸಿನ ಕೆಲಸ ಎಂಬ ಮಾತು ಬಾಯಾರಿದವರಿಗೆ ತಣ್ಣೀರು ಸಿಕ್ಕ ಹಾಗೆ ಕಿವಿಗೆ ಬಿತ್ತು. ಶಿವಕಾಂತಾ ಹೂಂ ಎಂದಳು. ಆ ಹೊತ್ತಿನಲ್ಲಿ ಆಕೆಗೆ ಹೂಂ ಎನ್ನಲಿಕ್ಕಷ್ಟೇ ಶಕ್ತಿ ಇತ್ತು. ಬಸ್ಸಿನಲ್ಲಿ ತಲೆಯನ್ನು ಕಿಟಕಿಗೆ ಆನಿಸಿ ಕೂತು, ಮನಸ್ಸಿನಲ್ಲೇ ಸೂಚನೆಯ ಮಾತುಗಳನ್ನು ಜೋಡಿಸಿದಳು.

ಮರುದಿನ ಭಾನುವಾರ. ದಾಲ್ ಮಿಲ್ಲು ಆವತ್ತೂ ನಿಂತಿರಲಿಲ್ಲ. ಶಿವಕಾಂತಾ ಮುಂಜಾನೆಯೇ ಸೂಚನೆ ಬರೆದು, ಕೆಂಪು ಚೌಕಟ್ಟು ಹಾಕಿ, ಅಚ್ಚು ತೆಗೆದು, ಪ್ರತಿಯ ಮೊದಲ ಪುಟವಾಗಿ ಸೇರಿಸಿ ಹೊಲಿದಳು. ನೋಡಿದರೆ ಬೆಳಕಿಗೆ ಹಿಡಿದ ಹಾಗೆ ಎದ್ದು ಕಾಣುತ್ತಿತ್ತು. ಅರುಣಕುಮಾರನಿಗೆ ಕಳಿಸಿಬಿಡಬೇಕೆಂದು ಕುರ್ಚಿ ಎಳೆದವಳು ಹಾಗೇ ನಿಂತಳು. ಹೊರಗೆ ಪಡಸಾಲೆಯಲ್ಲಿ ಗಂಡ ಅನೀಲಕುಮಾರ ವಿಭೂತಿ ಹಚ್ಚಿಕೊಂಡು, ನಾಷ್ಟಾ ಮುಗಿಸಿ, ಪೇಪರು ಓದುತ್ತಿದ್ದ. ಪ್ರೌಢಶಾಲೆಯ ಮಾಸ್ತರ. ಪಠ್ಯಪುಸ್ತಕದ ಮುನ್ನುಡಿಯನ್ನೂ ಬಿಡದೆ ಓದಿಸುವವನೆಂದು ಹುಡುಗರಲ್ಲಿ ಹೆಸರಾದವನು.

“ಕೇಳ್ರಿಲ್ಲೆ. ಜರಾ ಇದನ್ನ ಹಿಡೀರಿ. ನೀವು ಹೊಲದಾಗ ಇದ್ದೀರಿ. ಗ್ವಾಡಿಗಿ ಹಳೇ ಡಬ್ಬಿ ಅದ. ನೋಡಿ ಹನ್ನೊಂದು ಎರಡು ಅನ್ನಾಕತ್ತದ. ಏನ್ ಮಾಡಬೇಕಂತ ಓದಿ ಹೇಳ್ರಿ.”

“ನನಗ್ಯಾಕ ಬೇ ಹೊಲದ ಉಸಾಬರಿ, ಭಾನುವಾರ ದಿನ?”

“ಓದ್ರಿ ಅಂದ್ರ.”

ಆತ ಪೇಪರು ಮಡಚಿ ಪುಸ್ತಕ ತೆಗೆದುಕೊಂಡ. ಹೆಬ್ಬೆರಳಿನಿಂದ ಮೊದಲ ಪುಟವನ್ನು, ಕೆಂಪು ಚೌಕಟ್ಟಿನ ಸಮೇತ, ಸರ್ರನೆ ಆಚೆ ಹಾಕಿದ. ಹತ್ತು ದಾಟಿದ, ಹನ್ನೊಂದಕ್ಕೆ ಬಂದ, ಎರಡರ ಮೇಲೆ ಬೆರಳಿಟ್ಟ. ತರಗತಿಯ ದನಿಯಲ್ಲಿ ಸ್ವಚ್ಛವಾಗಿ ಓದಿದ.

“ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಹಸಿರು ದೀಪ ಬರುವ ತನಕ...”

“ಸಾಕು.”

“ಯಾಕ? ತಪ್ಪು ಓದಿದ್ನೇನು?”

“ಮೊದಲ್ನೇ ಪುಟ ನೋಡಿದ್ರೇನು?”

“ಅದನ್ಯಾಕ ನೋಡ್ಲಿ? ನೀ ಹನ್ನೊಂದು ಎರಡು ಅಂದಿ. ನಾ ಅಲ್ಲಿಗಿ ಹೋದೆ. ಮೊದಲ್ನೇ ಪುಟಕ್ಕ ಹೋಗು ಅಂದಿದ್ರ ಅಲ್ಲಿಗಿ ಹೋಗ್ತಿದ್ದೆ.”

ಆತನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಶಿವಕಾಂತಾ ಪುಸ್ತಕ ಈಸಿಕೊಂಡು ಒಳಗೆ ಹೋದಳು. ಮಾಡಬೇಕಾದದ್ದು ಏನೆಂಬುದು ಬಾವಿಯ ದಂಡೆಯಲ್ಲೇ ಹೊಳೆದಿತ್ತು. ಹೊಳೆದದ್ದನ್ನು ನೋಡದ ಹಾಗೆ ಮಾಡಿಕೊಂಡು ಇಲ್ಲಿಯ ತನಕ ಬಂದಿದ್ದಳು. ಮುಂಭಾಗದಲ್ಲಿ ಹೊಕ್ಕ ಎರಡು ಅಧ್ಯಾಯಗಳನ್ನು ಕಿತ್ತು ಪುಸ್ತಕದ ಕೊನೆಗೆ ಒಯ್ಯಬೇಕು. ಆಗ ಉಳಿದವೆಲ್ಲ ತಮ್ಮ ಹಳೆಯ ನಂಬರಿಗೆ ಮರಳುತ್ತವೆ. ಡಬ್ಬಿ ಹೇಳುವ ಹನ್ನೊಂದು ಎರಡೂ ಪುಸ್ತಕದ ಹನ್ನೊಂದು ಎರಡೂ ಒಂದೇ ಆಗುತ್ತವೆ. ಆಗಬೇಕಾದರೆ ದಸರೆಯಿಂದ ಇಲ್ಲಿಯ ತನಕ ತಿದ್ದಿದ ಒಂದೊಂದು ‘ನೋಡಿ’ಯನ್ನೂ ಮತ್ತೆ ತಿದ್ದಬೇಕು. ಹಳೆಯ ಪ್ರತಿಯನ್ನು ಹಾಗೇ ಎತ್ತಿಕೊಳ್ಳಲಿಕ್ಕೂ ಬರುವುದಿಲ್ಲ. ನಡುವೆ ಒಳಗಿನ ಮಾತುಗಳೇ ಎಷ್ಟೋ ಕಡೆ ಬದಲಾಗಿದ್ದವು. ಕಂಪ್ಯೂಟರಿಗೆ ಹೇಳಿ ಒಮ್ಮೆಲೇ ಬದಲಾಯಿಸಿದರೂ, ಅದು ಸರಿಯಾದ ಮನೆಗೆ ಹೋಯಿತೇ ಎಂದು ಮತ್ತೆ ಒಂದೊಂದಕ್ಕೂ ಕಾಲು ಸವೆಸಬೇಕು.

ಆಕೆ ಅರುಣಕುಮಾರನಿಗೆ ಫೋನು ಮಾಡಿದಳು.

“ಸೂಚನಾ ನಡಿಯಂಗಿಲ್ರಿ.”

“ಯಾಕ್ರಿ? ಕೆಂಪು ಚೌಕಟ್ಟು ಹಾಕಿಲ್ಲೇನು?”

“ಹಾಕೇನಿ. ಯಾರೂ ಅಲ್ಲಿಗಿ ಹೋಗಂಗಿಲ್ಲ. ನಂಬರು ಗೊತ್ತಿದ್ದವ್ರು ಸೀದಾ ನಂಬರಿಗೇ ಹೋಗ್ತಾರ.” ಆಕೆ ಉಸಿರು ಎಳೆದುಕೊಂಡಳು. “ಹೊಸಾ ಅಧ್ಯಾಯ ಎರಡೂ ಕಡೀಕ ಒಯ್ತೇನಿ. ಹಳೇ ನಂಬರು ಹಳೇದಂಗ ಇರ್ತಾವ. ಹೊಸಾ ಡಬ್ಬಿಗಿ ಸಿಮ್ ಅದಲ್ಲ, ಅದರ ಪರದೇದ ನಂಬರು ನೀವು ಕುಂತಲ್ಲಿಂದ ತಿದ್ದಬಹುದು.”

“ಸಿಮ್ ಹಾಕೋದು ಎಲ್ಲಾಕ್ಕಿಂತ ಮೊದಲ ಮಾಡೋ ಕೆಲ್ಸ ಮೇಡಂ. ಅದು ಕಡೀಕ ಬಂದ್ರ ಪುಸ್ತಕ ಕಾಲು ಮ್ಯಾಲ, ತಲಿ ಕೆಳಗ ಆಗ್ತದ. ಇಂಗ್ಲಿಷಿಗೂ ಇದಕ್ಕೂ ಕೂಡಂಗಿಲ್ಲ.”

“ಆಗ್ಲಿ ಬಿಡ್ರಿ. ಸಿಮ್ ಹಾಕೋದು ಹುಡುಕಿದವ್ರಿಗಿ ತಡಾ ಆಗ್ತದ, ಅಷ್ಟ.”

ಆ ಕಡೆಯಿಂದ ಸದ್ದುಗಳು ಕೇಳಿಸಿದವು. ಕೀಲಿ ಒತ್ತುವ ಸಪ್ಪಳ, ಯಾರದೋ ನಗು, ಬಾಗಿಲು ಮುಚ್ಚಿದ ಸಪ್ಪಳ. ಭಾನುವಾರವೂ ಅವನು ಆಫೀಸಿನಲ್ಲಿದ್ದ.

“ನಿಮಗ ಬ್ಯಾಸರ ಅನಸಂಗಿಲ್ಲೇನ್ರಿ? ಎಲ್ಲಾ ಹೊಳ್ಳಿ ಮಾಡಬೇಕಲ್ಲ.”

“ಅಳು ಬರೂವಷ್ಟು ಬ್ಯಾಸರ ಆಗ್ಯಾದ. ಬ್ಯಾರೆಯವ್ರ ಕಡಿಂದ ಮಾಡಸ್ತೀನಿ ಅಂದ್ರ ಮಾಡಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈಗಿದ್ದಂಗ ಪ್ರಿಂಟ್ ಮಾಡ್ಸಿದ್ರ ನಾ ಒಪ್ಪಿಗಿ ಕೊಡಂಗಿಲ್ಲ. ದಿಲೀಪನ ಕಡಿಂದ ಸೈನೂ ತರಂಗಿಲ್ಲ.”

“ಸೋಮವಾರದ್ದು ತಪ್ಪತದ. ಕೇಳಿದ್ರ ನಾ ನಿಮ್ಮ ಹೆಸ್ರೇ ಹೇಳಬೇಕಾಗ್ತದ.”

“ಹೇಳ್ರಿ.”

“ಮುಂದಿನ ಪುಸ್ತಕ ನಿಮಗ ಬರ್ತದೋ ಇಲ್ಲೋ, ಅದೂ ನನ್ನ ಕೈಯಾಗಿಲ್ಲ.”

“ಹೂಂ. ಗೊತ್ತದ.”

“ಮಾಡ್ರಿ ಹಂಗಾರ,” ಎಂದ ಅರುಣಕುಮಾರ. ಸಿಟ್ಟಾಗಿರಲಿಲ್ಲ, ಅವನೂ ದಣಿದಿದ್ದ. “ನಾ ಪ್ರಿಂಟಿನವ್ರಿಗಿ ತಡೀರಿ ಅಂತೇನಿ.”

ಫೋನಿಟ್ಟ ಮೇಲೆ ಶಿ‌ವಕಾಂತಾ ಕಣ್ಣಿಗೆ ನೀರು ತಟ್ಟಿಕೊಂಡು ಬಂದಳು. ಕೀಲಿಗಳ ಮೇಲಿನ ಧೂಳು ಊದಿದಳು. ಹೊಸ ಅಧ್ಯಾಯಗಳೆರಡನ್ನೂ ಕೊನೆಗೆ ಹಾಕಿದಳು. ಪರದೆಯ ಅಂಚಿನಲ್ಲಿ, ಮತ್ತೆ ಹೋಗಿ ನೋಡಬೇಕಾದ ‘ನೋಡಿ’ಗಳ ಸಾಲು ಕೆಂಪಗೆ ಇಳಿಯತೊಡಗಿತು, ಇಳಿಯುತ್ತಲೇ ಹೋಯಿತು. ಆಕೆ ಅದು ಎಲ್ಲಿ ನಿಲ್ಲುತ್ತದೆಂದು ನೋಡಲಿಲ್ಲ. ಮೇಲಿನ ಮೊದಲನೆಯದನ್ನು ಹಿಡಿದು, ಅದು ತೋರಿಸಿದ ಕಡೆಗೆ ಹೋದಳು.

ಈ ಸಲ ತಲೆಬರಹ ನೋಡಿ ಹಿಂದಿರುಗಲಿಲ್ಲ. ಒಂದು, ಎರಡು, ಮೂರು ಎಂದು ಒಳಗಿನ ಸಾಲುಗಳನ್ನು ದನಿ ತೆಗೆದು ಓದಿದಳು, ಯಾರೋ ಡಬ್ಬಿಯ ಮುಂದೆ ಗ್ರೀಸಿನ ಕೈ ಹಿಡಿದು ನಿಂತಿದ್ದಾರೆ ಎನ್ನುವ ಹಾಗೆ. ಮೋಟಾರು ಚಾಲೂ ಮಾಡುವ ಮಾತು ಬಂದಲ್ಲೆಲ್ಲ ನಿಂತು, ಒಂದನೆಯ ಸಾಲಿಗಿಂತ ಮೇಲೆ ಇನ್ನೊಂದು ಸಾಲು ಸೇರಿಸಿದಳು: ‘ಬಾವಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೂಗಿ ಕೇಳಿ. ಇಳಿದವರು ಮೇಲೆ ಬಂದು ಎದುರಿಗೆ ನಿಲ್ಲುವ ತನಕ ಏನನ್ನೂ ಒತ್ತಬೇಡಿ.’ ಇಂಜಿನಿಯರುಗಳ ಪುಸ್ತಕದಲ್ಲಿ ಈ ಮಾತು ಇರಲಿಲ್ಲ. ಕೇಳಿದರೆ ಹೇಳಿದರಾಯಿತು.

ಮಧ್ಯಾಹ್ನ ಪಡಸಾಲೆಯಿಂದ ಅನೀಲಕುಮಾರನ ದನಿ ಬಂತು.

“ಯಾರ ಜೋಡಿ ಮಾತಾಡಾಕತ್ತಿ?”

“ಯಾರ ಜೋಡೀನೂ ಇಲ್ರಿ. ಓದಾಕತ್ತೇನಿ.”

“ರೊಟ್ಟಿ ನಾ ಬಡೀಲೇನು?”

“ಬಡೀರಿ. ದಪ್ಪ ಆದ್ರೂ ಚಿಂತಿಲ್ಲ.”

ಹಿಂದೆ ಮಿಲ್ಲು ಒಮ್ಮೆ ಕೆಮ್ಮಿ ಮತ್ತೆ ತನ್ನ ಗುಡುಗುಡು ಹಿಡಿಯಿತು. ಆಕೆ ದನಿಯನ್ನು ಸ್ವಲ್ಪ ಏರಿಸಿ, ಬೆರಳಿಟ್ಟಿದ್ದ ಸಾಲಿನಿಂದ ಮುಂದಕ್ಕೆ ಓದಿದಳು.